ಮನಿ ಪ್ಲಾಂಟ್: ಎಲೆ ಅಲ್ಲ, ಗಿಣ್ಣು ನೋಡಿ ಕತ್ತರಿಸಿ

ನಮ್ಮ ಹಾಸ್ಟೆಲಿನ ಕಾರಿಡಾರಲ್ಲಿ ಒಂದು ಸುತ್ತು ಹಾಕಿದರೆ ಹತ್ತು ರೂಮಿಗೆ ಮೂರರಲ್ಲಾದರೂ ಕಿಟಕಿ ಮೇಲೆ ಒಂದು ಬಾಟಲಿ ಕಾಣತ್ತೆ. ಬಾಟಲಿಯಲ್ಲಿ ನೀರು, ನೀರಿನಲ್ಲಿ ಮನಿ ಪ್ಲಾಂಟಿನ ಒಂದೇ ಒಂದು ಎಲೆ. ಹಸಿರಾಗಿ ಹೊಳೀತಾ ಚೆನ್ನಾಗೇ ಇರತ್ತೆ. ಕೆಲವಕ್ಕೆ ಬೇರೂ ಬಂದಿರತ್ತೆ. ಆದರೆ ಆರು ತಿಂಗಳ ಹಿಂದೆ ನೋಡಿದಾಗಲೂ ಒಂದೇ ಎಲೆ, ಈಗಲೂ ಒಂದೇ ಎಲೆ. ಮುಂದಿನ ಸೆಮಿಸ್ಟರಿಗೂ ಅದೇ ಎಲೆ ಇರತ್ತೆ, ಇಲ್ಲಾ ಹಳದಿಯಾಗಿ ಡಸ್ಟ್‌ಬಿನ್ ಸೇರಿರತ್ತೆ. ಇದು ಯಾಕೆ ಹೀಗೆ ಅನ್ನೋದರಿಂದಲೇ ಪಾಠ ಶುರು ಮಾಡ್ತೀವಿ. ಯಾಕಂದ್ರೆ ಇದೊಂದು ಅರ್ಥ ಆದರೆ ಉಳಿದದ್ದೆಲ್ಲ ಸಲೀಸು.

ಬಳ್ಳಿಯನ್ನ ಕೈಯಲ್ಲಿ ಹಿಡಿದು ನೋಡಿ. ಉದ್ದಕ್ಕೂ ನುಣುಪಾಗಿರಲ್ಲ. ಪ್ರತಿ ಎಲೆಯ ತೊಟ್ಟು ಕಾಂಡಕ್ಕೆ ಸೇರುವ ಜಾಗದಲ್ಲಿ ಉಂಗುರ ಹಾಕಿದ ಹಾಗೆ ಒಂದು ಗಂಟು ಇರತ್ತೆ. ಅದರ ಪಕ್ಕದಲ್ಲೇ ಕಂದು ಬಣ್ಣದ ಸಣ್ಣ ಮೊಂಡು ಮುಳ್ಳಿನಂಥದ್ದು ಹೊರಗೆ ಚಾಚಿರತ್ತೆ. ನಾವೆಲ್ಲ ಇಂಗ್ಲಿಷ್ ಮೀಡಿಯಂನವರು, ಸ್ಕೂಲಿನಲ್ಲಿ ಇದನ್ನ ‘ನೋಡ್’ ಅಂತ ಓದಿ, ಚಿತ್ರ ಬರೆದು, ಮಾರ್ಕ್ಸ್ ತಗೊಂಡು ಮರೆತವರು. ಈಗ ನೋಡ್ ಅಂದ್ರೆ ನಮಗೆ ಲಿಂಕ್ಡ್ ಲಿಸ್ಟ್ ಮಾತ್ರ ನೆನಪಾಗತ್ತೆ. ಮಂಡ್ಯ ಕಡೆಯ ನಮ್ಮ ಕ್ಲಾಸ್‌ಮೇಟ್ ಒಬ್ಬಳಿಗೆ ಬಳ್ಳಿ ತೋರಿಸಿದಾಗ ಅವಳು ಒಂದು ಕ್ಷಣವೂ ಯೋಚಿಸದೆ ಹೇಳಿದ್ದು: “ಗಿಣ್ಣು ಕಣ್ರೇ, ಕಬ್ಬಲ್ಲಿ ಇರಲ್ವಾ?”

ಹೌದಲ್ಲ! ಕಬ್ಬನ್ನ ಯಾರೂ ಬೀಜ ಹಾಕಿ ಬೆಳೆಯಲ್ಲ. ಎರಡು ಮೂರು ಗಿಣ್ಣು ಇರೋ ಹಾಗೆ ಜಲ್ಲೆ ತುಂಡು ಮಾಡಿ ಸಾಲಿನಲ್ಲಿ ಹೂಳ್ತಾರೆ. ಪ್ರತಿ ಗಿಣ್ಣಿನಲ್ಲೂ ಒಂದು ‘ಕಣ್ಣು’ ಇರತ್ತೆ, ಅಂದ್ರೆ ಮಲಗಿರುವ ಮೊಗ್ಗು. ಆ ಕಣ್ಣು ಒಡೆದು ಹೊಸ ಕಬ್ಬು ಬರತ್ತೆ. ಮನಿ ಪ್ಲಾಂಟಿನಲ್ಲೂ ಲೆಕ್ಕ ಅದೇ. ಗಿಣ್ಣಿನಲ್ಲಿ ಎರಡು ವಸ್ತು ರೆಡಿಯಾಗಿ ಕಾದಿರ್ತವೆ. ಒಂದು, ಎಲೆಯ ಕಂಕುಳಲ್ಲಿ ಅಡಗಿರುವ ಕಣ್ಣು, ಮುಂದೆ ಬಳ್ಳಿಯಾಗುವಂಥದ್ದು. ಇನ್ನೊಂದು, ಆ ಕಂದು ಮೊಂಡು, ಅಂದ್ರೆ ಗಾಳಿಬೇರು. ಕಾಡಿನಲ್ಲಿ ಇದು ಮರಕ್ಕೆ ಅಂಟಿಕೊಂಡು ಹತ್ತೋದೇ ಆ ಬೇರಿನಿಂದ. ನೀರು ಸಿಕ್ಕಿದರೆ ಸಾಕು, ಅದು ಉದ್ದ ಬೆಳೆಯೋಕೆ ಶುರು ಮಾಡತ್ತೆ.

ಬರೀ ಎಲೆ ಮತ್ತು ತೊಟ್ಟು ಕಿತ್ತು ನೀರಿಗೆ ಹಾಕಿದರೆ ತೊಟ್ಟಿನ ತುದಿಯಿಂದ ಬೇರು ಬರಬಹುದು. ಆದರೆ ಅಲ್ಲಿ ಕಣ್ಣಿಲ್ಲ. ಕಣ್ಣಿಲ್ಲದ ಮೇಲೆ ಚಿಗುರು ಎಲ್ಲಿಂದ ಬರಬೇಕು? ಆ ಎಲೆ ತಿಂಗಳುಗಟ್ಟಲೆ ಬದುಕಿರತ್ತೆ, ಗಿಡ ಮಾತ್ರ ಆಗಲ್ಲ. ಎಲ್ಲ ಗಿಡಕ್ಕೂ ಈ ಮಾತು ಅನ್ವಯಿಸಲ್ಲ. ಕಾಡುಬಸಳೆಯ ಎಲೆ ನೆಲಕ್ಕೆ ಬಿದ್ದರೆ ಅದರ ಅಂಚಿನಿಂದಲೇ ಮರಿಗಿಡಗಳು ಏಳ್ತವೆ. ಸ್ನೇಕ್ ಪ್ಲಾಂಟಿನ ಎಲೆ ತುಂಡು ಮಾಡಿ ನೆಟ್ಟರೂ ಬರತ್ತೆ, ತುಂಬಾ ನಿಧಾನ ಅಷ್ಟೇ. ಮನಿ ಪ್ಲಾಂಟ್ ಆ ಜಾತಿದಲ್ಲ. ಹಾಗಾಗಿ ಒಂಟಿ ಎಲೆಯ ಬಾಟಲಿ ಇಟ್ಟುಕೊಂಡವರು ಇನ್ನೂ ಕಾಯ್ತಾ ಇದ್ದರೆ, ದಯವಿಟ್ಟು ಕಾಯೋದು ನಿಲ್ಲಿಸಿ.

ಬೀಜ ಇಲ್ಲದ ಗಿಡ

ಸರಿ, ಬೀಜ ಹಾಕಬಹುದಲ್ಲ ಅಂತ ಕೇಳಿದರೆ, ಬೀಜ ಇಲ್ಲ. ನೀವು ಯಾರಾದರೂ ಮನಿ ಪ್ಲಾಂಟಿನ ಹೂ ನೋಡಿದ್ದೀರಾ? ಇದರ ಸಸ್ಯಶಾಸ್ತ್ರೀಯ ಹೆಸರು ಎಪಿಪ್ರೆಮ್ನಮ್ ಆರಿಯಮ್. ಮೂಲ ಊರು ಪೆಸಿಫಿಕ್ ಸಾಗರದಲ್ಲಿ ಟಹೀಟಿ ಪಕ್ಕದ ಮೊರೆಯಾ ಅನ್ನೋ ಪುಟ್ಟ ದ್ವೀಪ. ವಿಜ್ಞಾನಿಗಳು ಇದಕ್ಕೆ ಮೊದಲು ಹೆಸರಿಟ್ಟಿದ್ದು 1880ರಲ್ಲಿ. ಆಮೇಲೆ ಹೂವೇ ಸಿಗದೆ ಇದನ್ನ ಯಾವ ಗುಂಪಿಗೆ ಸೇರಿಸಬೇಕು ಅಂತ ಎಷ್ಟೋ ವರ್ಷ ಪರದಾಡಿದರು. ಬೆಳೆಸಿದ ಗಿಡವೊಂದು ತಾನಾಗಿ ಹೂ ಬಿಟ್ಟ ಕೊನೆಯ ದಾಖಲೆ 1964ರದು. ಯಾಕೆ ಹೂ ಬಿಡಲ್ಲ ಅನ್ನೋದಕ್ಕೆ ಉತ್ತರ 2016ರಲ್ಲಿ ಬಂತು: ಗಿಬ್ಬರೆಲಿನ್ ಅನ್ನೋ ಹಾರ್ಮೋನ್ ತಯಾರಿಸುವ ಒಂದು ಜೀನ್ ಈ ಗಿಡದಲ್ಲಿ ಸರಿಯಾಗಿ ಕೆಲಸ ಮಾಡ್ತಿಲ್ಲ. ಹೊರಗಿನಿಂದ ಆ ಹಾರ್ಮೋನ್ ಸಿಂಪಡಿಸಿದಾಗ ಹೂ ಬಂತು.

ಇದರ ಅರ್ಥ ಏನು ಅಂತ ಸ್ವಲ್ಪ ಯೋಚಿಸಿ. ಅಜ್ಜಿ ಮನೆ ಜಗಲಿಯ ಬಳ್ಳಿ, ಡೆಂಟಿಸ್ಟ್ ಕ್ಲಿನಿಕ್ಕಿನ ಮೂಲೆಯಲ್ಲಿರೋದು, ನಮ್ಮ ಲೈಬ್ರರಿ ಕೌಂಟರಿನ ಮೇಲಿರೋದು ಎಲ್ಲವೂ ಯಾರೋ ಕತ್ತರಿಸಿ ಇನ್ಯಾರಿಗೋ ಕೊಟ್ಟಿದ್ದು. ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಬರದಿದ್ದರೆ ಈ ಗಿಡ ಮೊರೆಯಾದಿಂದ ಇಲ್ಲಿವರೆಗೆ ಬರ್ತಾನೇ ಇರಲಿಲ್ಲ. ಕದ್ದು ತಂದ ಮನಿ ಪ್ಲಾಂಟೇ ಚೆನ್ನಾಗಿ ಬರತ್ತೆ ಅಂತ ಊರಲ್ಲೆಲ್ಲ ಹೇಳ್ತಾರಲ್ಲ, ಅದು ನಿಜವೋ ಸುಳ್ಳೋ ಬೇರೆ ಮಾತು. ಕದಿಯೋರು ಅವಸರದಲ್ಲಿ ಎಲೆ ಕೀಳದೆ ಬಳ್ಳಿಯನ್ನೇ ಎಳೆದುಕೊಂಡು ಹೋಗ್ತಾರೆ, ಹಾಗಾಗಿ ಗಿಣ್ಣೂ ಜೊತೆಗೆ ಬರತ್ತೆ ಅನ್ನೋದು ನಮ್ಮ ಥಿಯರಿ.

ಈಗ ಈ ಪಾಠ ಇದೇ ತಿಂಗಳು ಯಾಕೆ ಅಂತ ಹೇಳಿಬಿಡ್ತೀವಿ. ನಮ್ಮ ಬ್ಲಾಕಿನ ಎರಡನೇ ಮಹಡಿಯ ತುದಿಯಲ್ಲಿ ಹಳೇ ಪೇಂಟ್ ಬಕೆಟ್ಟಿನಲ್ಲಿ ಒಂದು ಮನಿ ಪ್ಲಾಂಟ್ ಇದೆ. ಕಿಟಕಿ ಸರಳು ಹಿಡಿದು ಮೇಲೆ ಹತ್ತಿ, ಅಲ್ಲಿಂದ ವಾಪಸ್ ಕೆಳಗೆ ಇಳಿದಿದೆ. ಅದನ್ನ ನೋಡಿಕೊಳ್ತಿರೋ ಫೈನಲ್ ಇಯರ್ ಅಕ್ಕನಿಗೆ ಅವರ ಸೀನಿಯರ್ ಕೊಟ್ಟಿದ್ದು, ಅವರಿಗೆ ಅವರ ಸೀನಿಯರ್ ಕೊಟ್ಟಿದ್ದು. ಅದಕ್ಕೂ ಹಿಂದೆ ಯಾರು ಅಂತ ಯಾರಿಗೂ ಗೊತ್ತಿಲ್ಲ. ಅಕ್ಕನಿಗೆ ಪುಣೆಯಲ್ಲಿ ಕೆಲಸ ಸಿಕ್ಕಿದೆ. ಮೇ ಕೊನೆಗೆ ರೂಮ್ ಖಾಲಿ. ಬಕೆಟ್ ಹೊತ್ತುಕೊಂಡು ಟ್ರೈನ್ ಹತ್ತೋಕಾಗಲ್ಲ. ಜೂನಿನಲ್ಲಿ ಬ್ಲಾಕಿಗೆ ಸುಣ್ಣಬಣ್ಣ ಇದೆ, ಕಾರಿಡಾರಲ್ಲಿ ಏನೂ ಇರಬಾರದು ಅಂತ ನೋಟಿಸ್ ಬಂದಿದೆ. ಅಂದ್ರೆ ನಮ್ಮ ಕೈಯಲ್ಲಿರೋದು ಆರು ವಾರ. ಕತ್ತರಿಸಿದ ತುಂಡು ಬೇರು ಬಿಟ್ಟು ಮಣ್ಣಿಗೆ ಹೋಗೋಕೆ ಅಷ್ಟು ಸಮಯ ಸಾಕು, ಈಗಲೇ ಶುರು ಮಾಡಿದರೆ. ಇಂಟರ್ನಲ್ಸ್ ಮುಗಿದ ಮೇಲೆ ನೋಡೋಣ ಅಂದರೆ ಆಗಲ್ಲ.

ಕತ್ತರಿಸೋದು

ಒಳ್ಳೆ ಬ್ಲೇಡ್ ಅಥವಾ ಪೇಪರ್ ಕಟರ್ ತಗೊಳ್ಳಿ. ಸ್ಯಾನಿಟೈಸರ್ ಹಾಕಿ ಒರೆಸಿ. ಮೊಂಡು ಕತ್ತರಿ ಬೇಡ, ಅದು ಕಾಂಡವನ್ನ ಜಜ್ಜತ್ತೆ, ಜಜ್ಜಿದ ಜಾಗದಿಂದಲೇ ಕೊಳೆಯೋಕೆ ಶುರುವಾಗತ್ತೆ. ಪ್ರತಿ ತುಂಡಿನಲ್ಲೂ ಎರಡು ಗಿಣ್ಣು ಇರಲಿ. ಕೆಳಗಿನ ಗಿಣ್ಣಿಗಿಂತ ಒಂದೆರಡು ಸೆಂಟಿಮೀಟರ್ ಕೆಳಗೆ ಕತ್ತರಿಸಿ, ಆ ಗಿಣ್ಣಿನ ಎಲೆ ತೆಗೆದುಬಿಡಿ, ಇಲ್ಲದಿದ್ದರೆ ಅದು ನೀರಲ್ಲಿ ಕೊಳೆಯತ್ತೆ. ಮೇಲಿನ ಗಿಣ್ಣಿನ ಎಲೆ ಇರಲಿ, ಅಡುಗೆ ಮಾಡಿ ಹಾಕೋದು ಅದೇ.

ಒಂದು ಸಣ್ಣ ಉಪಾಯ: ಬಳ್ಳಿಯನ್ನ ಏಳೆಂಟು ತುಂಡು ಮಾಡಿ ಮೇಜಿನ ಮೇಲೆ ಹರಡಿದ ಮೇಲೆ ಯಾವುದು ಬುಡ, ಯಾವುದು ತುದಿ ಅಂತ ಗೊಂದಲ ಆಗತ್ತೆ. ಹಾಗಾಗಿ ಬುಡದ ಕಡೆ ಓರೆಯಾಗಿ, ತುದಿ ಕಡೆ ನೇರವಾಗಿ ಕತ್ತರಿಸಿ. ದಿಕ್ಕು ಮುಖ್ಯ. ಬೇರು ಹುಟ್ಟಿಸುವ ಆಕ್ಸಿನ್ ಅನ್ನೋ ಹಾರ್ಮೋನ್ ಎಳೆ ಕುಡಿಯಲ್ಲಿ ತಯಾರಾಗಿ ಕಾಂಡದಲ್ಲಿ ಮೇಲಿಂದ ಕೆಳಕ್ಕೆ ಹರಿಯತ್ತೆ. ಇದು ಗುರುತ್ವದಿಂದ ಆಗುವ ಹರಿವಲ್ಲ. ಜೀವಕೋಶಗಳೇ ಒಂದು ಕಡೆಯಿಂದ ತಗೊಂಡು ಇನ್ನೊಂದು ಕಡೆಗೆ ದಾಟಿಸ್ತವೆ, ಥೇಟ್ ಡಯೋಡ್ ಥರ. ಕತ್ತರಿಸಿದಾಗ ಕೆಳಗೆ ದಾರಿ ಮುಚ್ಚಿಹೋಗತ್ತೆ, ಆಕ್ಸಿನ್ ಬುಡದಲ್ಲಿ ಸೇರಿಕೊಳ್ಳತ್ತೆ, ಅಲ್ಲಿ ಬೇರು ಬರತ್ತೆ. ಈ ಹಾರ್ಮೋನನ್ನ 1920ರ ದಶಕದಲ್ಲಿ ಓಟ್ಸ್ ಮೊಳಕೆಯ ತುದಿಯಿಂದ ಸಂಗ್ರಹಿಸಿ ತೋರಿಸಿದವನು ಫ್ರಿಟ್ಸ್ ವೆಂಟ್ ಅನ್ನೋ ಡಚ್ ವಿಜ್ಞಾನಿ. ನರ್ಸರಿಯಲ್ಲಿ ‘ರೂಟಿಂಗ್ ಹಾರ್ಮೋನ್’ ಅಂತ ಪುಡಿ ಮಾರ್ತಾರಲ್ಲ, ಅದು ಇದರದೇ ಸಂಬಂಧಿ. ದಾಸವಾಳದ ಗಟ್ಟಿ ಕಡ್ಡಿಗೆ ಅದು ಉಪಯೋಗ ಆಗಬಹುದು. ಮನಿ ಪ್ಲಾಂಟಿಗೆ ದುಡ್ಡು ದಂಡ. ಜೇನುತುಪ್ಪ, ದಾಲ್ಚಿನ್ನಿ ಪುಡಿ ಅಂತ ವಿಡಿಯೋಗಳಲ್ಲಿ ತೋರಿಸೋದನ್ನೂ ಮೆಸ್ಸಿಗೇ ಬಿಡಿ.

ಇಷ್ಟೆಲ್ಲ ಕತ್ತರಿಸಿದರೆ ತಾಯಿಗಿಡ ಸತ್ತುಹೋಗಲ್ವಾ ಅಂತ ಅಕ್ಕನೂ ಕೇಳಿದರು. ಇಲ್ಲ. ಕುಡಿಯಿಂದ ಇಳಿದುಬರುವ ಅದೇ ಆಕ್ಸಿನ್ ಕೆಳಗಿನ ಕಣ್ಣುಗಳನ್ನ ಮಲಗಿಸಿ ಇಟ್ಟಿರತ್ತೆ. ಕುಡಿ ಕತ್ತರಿಸಿದ ಮೇಲೆ ಅವು ಏಳ್ತವೆ. ಬುಡದಲ್ಲಿ ಐದಾರು ಗಿಣ್ಣು ಬಿಟ್ಟರೆ ಒಂದು ಬಳ್ಳಿ ಇದ್ದಲ್ಲಿ ಎರಡು ಮೂರು ಚಿಗುರತ್ತೆ.

ನೀರಲ್ಲಿ ಇಡೋದು

ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲಬೇಕು, ಯಾಕಂದ್ರೆ ಹೆಚ್ಚಿನ ತುಂಡುಗಳು ಕೊಳೆಯೋದು ಇಲ್ಲೇ. ಬೇರಿಗೆ ನೀರು ಬೇಕು ಅಂತ ನಮಗೆಲ್ಲ ಗೊತ್ತು. ಬೇರು ಉಸಿರಾಡತ್ತೆ, ಅದಕ್ಕೆ ಆಮ್ಲಜನಕ ಬೇಕು ಅನ್ನೋದು ಮರೆತುಹೋಗತ್ತೆ. ಲೆಕ್ಕ ನೋಡಿ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಲೀಟರ್ ನೀರಿನಲ್ಲಿ ಹೆಚ್ಚೆಂದರೆ ಸುಮಾರು 8 ಮಿಲಿಗ್ರಾಂ ಆಮ್ಲಜನಕ ಕರಗಿರತ್ತೆ. ಒಂದು ಲೀಟರ್ ಗಾಳಿಯಲ್ಲಿ ಸುಮಾರು 270 ಮಿಲಿಗ್ರಾಂ. ಮೂವತ್ತು ಪಟ್ಟಿಗಿಂತ ಹೆಚ್ಚು! ಸಾಲದ್ದಕ್ಕೆ ಅನಿಲಗಳು ನೀರಿನಲ್ಲಿ ಹರಡೋದು ಗಾಳಿಗಿಂತ ಸುಮಾರು ಹತ್ತು ಸಾವಿರ ಪಟ್ಟು ನಿಧಾನ. ನೀರು ಬಿಸಿಯಾದಷ್ಟೂ ಅದರಲ್ಲಿ ಹಿಡಿಯೋ ಆಮ್ಲಜನಕ ಕಡಿಮೆ. ನೀರಲ್ಲಿ ಒಂದು ಎಲೆ ಕೊಳೀತಾ ಇದ್ದರೆ ಬ್ಯಾಕ್ಟೀರಿಯಾಗಳು ಇದ್ದಬದ್ದದ್ದನ್ನೂ ಉಸಿರಾಡಿ ಮುಗಿಸ್ತವೆ. ಏಪ್ರಿಲ್ ಬಿಸಿಲಲ್ಲಿ ಕಿಟಕಿ ಮೇಲೆ ವಾರಗಟ್ಟಲೆ ನೀರು ಬದಲಿಸದೆ ಇಟ್ಟ ಬಾಟಲಿ ಅಂದ್ರೆ ಇದೇ ಪರಿಸ್ಥಿತಿ. ಕಾಂಡದ ಬುಡ ಮೆತ್ತಗಾಗಿ ಕಪ್ಪಾಗಿ ವಾಸನೆ ಬಂದರೆ, ಗಟ್ಟಿ ಹಸಿರು ಭಾಗ ಸಿಗೋವರೆಗೂ ಮೇಲಕ್ಕೆ ಕತ್ತರಿಸಿ ಹೊಸ ನೀರಿಗೆ ಹಾಕಿ. ಒಂದು ಗಿಣ್ಣು ಉಳಿದಿದ್ದರೂ ಆಸೆ ಇದೆ.

ಹಾಗಾಗಿ ನಾಲ್ಕೈದು ದಿನಕ್ಕೊಮ್ಮೆ ನೀರು ಬದಲಿಸಿ. ಕೆಳಗಿನ ಗಿಣ್ಣು ಮುಳುಗಿದರೆ ಸಾಕು, ಕತ್ತಿನವರೆಗೆ ತುಂಬಬೇಡಿ. ಪಾರದರ್ಶಕ ಬಾಟಲಿಗೆ ನ್ಯೂಸ್‌ಪೇಪರ್ ಸುತ್ತಿ, ಪಾಚಿ ಕಟ್ಟೋದು ಕಡಿಮೆಯಾಗತ್ತೆ. ಕಂದು ಬಾಟಲಿ ಇದ್ದರೆ ಇನ್ನೂ ಒಳ್ಳೇದು. ನಮ್ಮದು ಕೆಮ್ಮಿನ ಸಿರಪ್ಪಿನ ಬಾಟಲಿ, ವಾರ್ಡನ್ ಮೇಡಂ ಗಮನಕ್ಕೆ.

ನೀರು ಬದಲಿಸೋದಕ್ಕೆ ಇನ್ನೂ ಒಂದು ಕಾರಣ ಇದೆ, ಗಿಡಕ್ಕಿಂತ ದೊಡ್ಡದು. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಬೇಕಾಗಿರೋದು ಇಂಥದ್ದೇ ಪುಟ್ಟ ಪಾತ್ರೆಯಲ್ಲಿ ನಿಂತ ತಿಳಿನೀರು. ಮೊಟ್ಟೆಯಿಂದ ಹಾರುವ ಸೊಳ್ಳೆಯಾಗೋಕೆ ಸುಮಾರು 7ರಿಂದ 10 ದಿನ. 2024ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಸರ್ಕಾರ ಡೆಂಗಿಯನ್ನ ಸಾಂಕ್ರಾಮಿಕ ರೋಗ ಅಂತ ಘೋಷಿಸಿ, ಸೊಳ್ಳೆ ಬೆಳೆಯೋಕೆ ಬಿಟ್ಟವರಿಗೆ ದಂಡ ಹಾಕುವ ನಿಯಮ ತಂದಿದ್ದು ಸುಮ್ಮನೆ ಅಲ್ಲ. ನೀರು ಚೆಲ್ಲಿದರೆ ಮಾತ್ರ ಸಾಲದು. ಈಡಿಸ್ ಮೊಟ್ಟೆಗಳು ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ ಪಾತ್ರೆಯ ಗೋಡೆಗೆ ಅಂಟಿಕೊಂಡಿರ್ತವೆ, ಒಣಗಿದರೂ ತಿಂಗಳುಗಟ್ಟಲೆ ಬದುಕಿರ್ತವೆ. ಬ್ರಷ್ ಹಾಕಿ ಒಳಗೆ ಉಜ್ಜಿ. ಬಾಟಲಿ ಬಾಯಿಗೆ ಕಾಂಡದ ಸುತ್ತ ಸ್ವಲ್ಪ ಹತ್ತಿ ತುರುಕಿ. ಇಷ್ಟು ಮಾಡೋಕೆ ಬೇಜಾರು ಅನ್ನೋರು ಬಾಟಲಿ ಬಿಟ್ಟು ಸೀದಾ ಮಣ್ಣಿಗೇ ನೆಡಿ, ಒದ್ದೆ ಮಣ್ಣಿನಲ್ಲೂ ಬೇರು ಬರತ್ತೆ. ಬರ್ತಾ ಇದೆಯಾ ಅಂತ ದಿನಾ ನೋಡೋ ಖುಷಿ ಇರಲ್ಲ, ಅಷ್ಟೇ.

ಬೆಳಕು ಬೇಕು, ನೇರ ಬಿಸಿಲು ಬೇಡ. ಮಧ್ಯಾಹ್ನದ ಬಿಸಿಲು ಅಂದ್ರೆ ಸುಮಾರು ಒಂದು ಲಕ್ಷ ಲಕ್ಸ್, ಟ್ಯೂಬ್‌ಲೈಟಿನ ಕೆಳಗಿನ ಮೇಜು ಅಂದ್ರೆ ಕೆಲವು ನೂರು ಲಕ್ಸ್ ಮಾತ್ರ. ಎರಡರ ನಡುವೆ, ಕಿಟಕಿಯಿಂದ ಒಂದೆರಡು ಅಡಿ ಒಳಗೆ ಒಳ್ಳೆ ಜಾಗ. ಫೆಬ್ರವರಿಯಲ್ಲಿ ನಾವು ನಾಲ್ಕು ತುಂಡು ಇಟ್ಟು ಲ್ಯಾಬ್ ರೆಕಾರ್ಡ್ ಥರ ಬರೆದಿಟ್ಟಿದ್ವಿ. ಕಿಟಕಿ ಹತ್ತಿರದ ಎರಡಕ್ಕೆ ಎಂಟನೇ ದಿನ ಗಾಳಿಬೇರಿನ ತುದಿ ಬೆಳ್ಳಗಾಯ್ತು, ಇಪ್ಪತ್ತೆರಡನೇ ದಿನಕ್ಕೆ ಬೇರು ಎರಡು ಇಂಚು. ಪುಸ್ತಕದ ಶೆಲ್ಫಿನ ಮೇಲಿಟ್ಟ ಎರಡಕ್ಕೆ ಆ ಬಿಳಿ ತುದಿ ಕಾಣೋಕೇ ಹದಿನೇಳು ದಿನ ಹಿಡೀತು. ನಾಲ್ಕೇ ತುಂಡು, ಇದರಿಂದ ಗ್ರಾಫ್ ಎಳೆಯೋದು ಬೇಡ. ಆದರೆ ಆರು ವಾರದ ಗಡುವು ಇದ್ದಾಗ ಶೆಲ್ಫ್ ಬೇಡ.

ಮಣ್ಣಿಗೆ ಹಾಕೋದು

ಬೇರು ಎರಡು ಮೂರು ಇಂಚು ಆದಾಗ ಮಣ್ಣಿಗೆ. ಅದಕ್ಕಿಂತ ತಡ ಮಾಡಿದರೆ ನೀರಿನ ಅಭ್ಯಾಸ ಜಾಸ್ತಿಯಾಗಿಬಿಡತ್ತೆ. ನೀರಲ್ಲಿ ಹುಟ್ಟಿದ ಬೇರಿಗೂ ಮಣ್ಣಲ್ಲಿ ಹುಟ್ಟಿದ ಬೇರಿಗೂ ಒಳಗಿನ ರಚನೆಯಲ್ಲೇ ವ್ಯತ್ಯಾಸ ಇದೆ. ನೀರಿನದಕ್ಕೆ ಗಾಳಿ ಸಾಗಿಸುವ ಸಂದುಗಳು ಹೆಚ್ಚು, ನೀರು ಹೀರುವ ಸಣ್ಣ ರೋಮಗಳು ಕಡಿಮೆ. ಅದಕ್ಕೇ ಮಣ್ಣಿಗೆ ಹೋದ ಮೊದಲ ಎರಡು ವಾರ ಎಲೆ ಸ್ವಲ್ಪ ಜೋತುಬೀಳಬಹುದು. ಗಾಬರಿ ಬೇಡ. ಆ ಎರಡು ವಾರ ಮಣ್ಣು ಒಣಗದ ಹಾಗೆ ನೋಡಿಕೊಳ್ಳಿ. ಆಮೇಲೆ ಬೆರಳು ಒಂದು ಇಂಚು ಒಳಗಿಟ್ಟು ಒಣಗಿದೆ ಅನ್ನಿಸಿದಾಗ ಮಾತ್ರ ನೀರು.

ಕೆಮ್ಮಣ್ಣು ಒಂದು ಪಾಲು, ತೆಂಗಿನ ನಾರಿನ ಪುಡಿ ಒಂದು ಪಾಲು, ಎರೆಗೊಬ್ಬರ ಅರ್ಧ ಪಾಲು. ಅರ್ಧಕ್ಕೆ ಕತ್ತರಿಸಿದ ನೀರಿನ ಬಾಟಲಿ ಅಥವಾ ಮೊಸರಿನ ಡಬ್ಬ ಸಾಕು, ಆದರೆ ತಳದಲ್ಲಿ ತೂತು ಇರಲೇಬೇಕು. ಇಸಿ ಬ್ರಾಂಚಿನವರು ಸೋಲ್ಡರಿಂಗ್ ಐರನ್ ತರ್ತೀವಿ ಅಂದಿದ್ದಾರೆ, ಬೇಡ. ಒಂದು ಮೊಳೆ ಸಾಕು.

ಇನ್ನು ಕೆಲವು ಎಚ್ಚರಿಕೆ. ಇದು ಕೆಸುವಿನ ವಂಶದ ಗಿಡ. ಕೆಸುವಿನ ಎಲೆ ಸರಿಯಾಗಿ ಬೇಯದಿದ್ದರೆ ಗಂಟಲು ತುರಿಸತ್ತಲ್ಲ, ಪತ್ರೊಡೆಗೆ ಹುಣಸೆಹುಳಿ ಬಿಡದೆ ಹಾಕ್ತಾರಲ್ಲ, ಆ ತುರಿಕೆ ತರುವ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಗಳು ಇದರಲ್ಲೂ ಇವೆ. ಕತ್ತರಿಸಿದ ಮೇಲೆ ಕೈ ತೊಳೆಯಿರಿ, ಕಣ್ಣು ಉಜ್ಜಬೇಡಿ, ಕ್ಯಾಂಪಸ್ ಬೆಕ್ಕುಗಳಿಗೆ ಎಟುಕದ ಹಾಗೆ ಇಡಿ. ಮಿಕ್ಕ ಬಳ್ಳಿಯನ್ನ ಕೆರೆ ದಂಡೆಗೋ ಕಾಡಿಗೋ ಎಸೆಯಬೇಡಿ, ಮಲೆನಾಡಿನವರು ಇದನ್ನ ವಿಶೇಷವಾಗಿ ಗಮನಿಸಿ. ಬಿಸಾಡಿದ ತುಂಡುಗಳಿಂದಲೇ ಹಬ್ಬಿ ಹವಾಯಿಯಲ್ಲಿ, ಶ್ರೀಲಂಕಾದಲ್ಲಿ ಇದು ಕಾಡಿನ ಗಿಡಗಳನ್ನ ಮುಚ್ಚುವ ಕಳೆಯಾಗಿದೆ. ಮರ ಸಿಕ್ಕಿದರೆ ಇದು ನಮ್ಮ ಬಾಟಲಿಯ ಪಾಪದ ಗಿಡ ಆಗಿರಲ್ಲ, ಎಲೆ ಮೊರದಷ್ಟು ಅಗಲ ಆಗತ್ತೆ. ನಂಬಿಕೆ ಇಲ್ಲದಿದ್ದರೆ ಕ್ಯಾಂಟೀನ್ ಹಿಂದಿನ ಮಳೆಮರ ನೋಡಿ ಬನ್ನಿ. ಅದನ್ನ ಹತ್ತಿರೋದೂ ಇದೇ ಗಿಡ.

ರೂಮಿನ ಗಾಳಿ ಶುದ್ಧ ಮಾಡತ್ತೆ ಅನ್ನೋ ಆಸೆಯಿಂದ ತಗೊಳ್ಳೋರಿಗೂ ಒಂದು ಮಾತು. 1989ರ ನಾಸಾ ಪ್ರಯೋಗದಲ್ಲಿ ಈ ಗಿಡ ಇತ್ತು, ನಿಜ. ಆದರೆ ಅದು ಮುಚ್ಚಿದ ಸಣ್ಣ ಪೆಟ್ಟಿಗೆಯೊಳಗಿನ ಪ್ರಯೋಗ. ಅಂಥ ಪ್ರಯೋಗಗಳನ್ನೆಲ್ಲ 2019ರಲ್ಲಿ ಒಟ್ಟಿಗೆ ಲೆಕ್ಕ ಹಾಕಿದವರು ಹೇಳಿದ್ದು, ಸಾಮಾನ್ಯ ಕಟ್ಟಡದ ಗಾಳಿಯಾಟಕ್ಕೆ ಸಮ ಆಗಬೇಕಾದರೆ ಒಂದು ಚದರ ಮೀಟರಿಗೆ ಹತ್ತರಿಂದ ಸಾವಿರ ಗಿಡ ಬೇಕು ಅಂತ. ಕಿಟಕಿ ತೆಗೆಯಿರಿ, ಗಿಡವನ್ನ ಗಿಡ ಅಂತಲೇ ಇಟ್ಟುಕೊಳ್ಳಿ.

ರಜೆಗೆ ಊರಿಗೆ ಒಯ್ಯೋದಾದರೆ ತುಂಡಿನ ಬುಡಕ್ಕೆ ಒದ್ದೆ ನ್ಯೂಸ್‌ಪೇಪರ್ ಸುತ್ತಿ, ಮೇಲೊಂದು ಪ್ಲಾಸ್ಟಿಕ್ ಕವರ್ ಹಾಕಿ. ರಾತ್ರಿ ಬಸ್ಸಿನಲ್ಲಿ ಕಲಬುರಗಿ ಮುಟ್ಟೋವರೆಗೆ ಏನೂ ಆಗಲ್ಲ, ಎರಡು ದಿನ ಆರಾಮಾಗಿ ತಡೆಯತ್ತೆ. ಅಲ್ಲಿನ ಮೇ ಬಿಸಿಲಿಗೆ ಮಾತ್ರ ತೋರಿಸಬೇಡಿ, ಒಳಗಡೆ ನೆರಳಲ್ಲಿಡಿ. ಹಾಸ್ಟೆಲಲ್ಲೇ ಬಿಟ್ಟು ಹೋಗೋರು ಬಾಟಲಿಯಲ್ಲಿ ಬಿಡಬೇಡಿ, ಮಣ್ಣಿಗೆ ಹಾಕಿ ಗೇಟಿನ ಹತ್ತಿರದ ಮಾಲಿ ಅಣ್ಣನ ಶೆಡ್ಡಿನ ಪಕ್ಕ ಇಡಿ. ರಜೆಯಲ್ಲಿ ನೀರು ಹಾಕೋಕೆ ಅವರು ಒಪ್ಪಿದ್ದಾರೆ, ಹೆಸರು ಬರೆದಿಟ್ಟರೆ.

ಅಕ್ಕನ ಬಳ್ಳಿಯನ್ನ ಈ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಕ್ಯಾಂಟೀನ್ ಹಿಂದಿನ ಕಲ್ಲುಬೆಂಚಿನ ಹತ್ತಿರ ತಂದು ಕತ್ತರಿಸ್ತೀವಿ. ಮೊನ್ನೆ ಕೂತು ಎಣಿಸಿದಾಗ ಒಟ್ಟು 43 ಗಿಣ್ಣು ಇತ್ತು. ಬುಡದಲ್ಲಿ ಏಳು ಬಿಟ್ಟರೆ ಉಳಿಯೋದು 36, ಅಂದ್ರೆ 18 ತುಂಡು. ಬುಡ ಇರುವ ಬಕೆಟ್ಟನ್ನೂ ಮಾಲಿ ಅಣ್ಣನ ಶೆಡ್ಡಿಗೆ ಸಾಗಿಸೋದು ಅಂತ ಮಾತಾಗಿದೆ. ಎರಡು ತುಂಡು ಒದ್ದೆ ಪೇಪರಿನಲ್ಲಿ ಪುಣೆಗೆ ಹೋಗ್ತವೆ, ಅಕ್ಕ ಹೊರಡುವ ದಿನದವರೆಗೆ ಅವು ನಮ್ಮ ಕಿಟಕಿಯಲ್ಲೇ ಇರ್ತವೆ. ಇವತ್ತಿನವರೆಗೆ ಹೆಸರು ಕೊಟ್ಟವರು ಹನ್ನೊಂದು ಜನ. ಇನ್ನೂ ಐದು ತುಂಡು ಇದೆ. ಬ್ಲೇಡ್ ನಮ್ಮದು, ಬಾಟಲಿ ನೀವೇ ತನ್ನಿ.